ಮುನಿರತ್ನಮ್ಮನವರ ಕೈಪಟ್ಟಿ
ಮೂಡಲಪಾಳ್ಯದ ನಮ್ಮ ಪಕ್ಕದ ಮನೆಯ ಮುನಿರತ್ನಮ್ಮನವರನ್ನು ನೀವು ಥೀಮ್ ಪಾರ್ಕಿನಲ್ಲಿ ನೋಡಬೇಕಿತ್ತು! ಟಿಕೆಟ್ಟಿನ ಬದಲು ಕೈಗೆ ಕಟ್ಟುವ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿಸಿಕೊಳ್ಳಲು ಬಳೆಗಾರನ ಮುಂದೆ ಕೂತವರಂತೆ ಕೈ ನೀಡಿದರು, ಕಟ್ಟಿದ ಮೇಲೆ ಕಣ್ಣಿಗೊತ್ತಿಕೊಂಡರು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಪಟ್ಟಿ ತೋರಿಸಿದರೆ ಲಾಕರ್ ತೆರೆಯಿತು, ಐಸ್‌ಕ್ರೀಮ್ ಬಂತು; ಕುಡಿಯುವ ನೀರಿನ ನಲ್ಲಿಗೂ ತೋರಿಸಿ ಕಾದರು. ಜಯಂಟ್ ವೀಲ್ ಮಾತ್ರ ಹತ್ತಲೇ ಇಲ್ಲ. ಅದರ ಗೇಟಿಗೆ ಕೈ ತೋರಿಸುವುದು, ತೆರೆದೊಡನೆ ಚಪ್ಪಾಳೆ ತಟ್ಟುವುದು, ಹಿಂದೆ ಬಂದು ಮತ್ತೆ ತೋರಿಸುವುದು. “ಆಟಕ್ಕಿಂತ ಗೇಟೇ ಇಷ್ಟಾನಾ ಆಂಟಿ?” ಎಂದೆ. “ಊಂ ಕಣೇ! ನಾನು ಪಾತ್ರೆ ತೊಳೆಯೋ ಅಪಾರ್ಟ್‌ಮೆಂಟಲ್ಲಿ ಇಷ್ಟು ವರ್ಷ ಆದ್ರೂ ವಾಚ್‌ಮನ್ ದಿನಾ ಮೇಲಿನ ಮನೆಗೆ ಫೋನ್ ಮಾಡಿ ಕೇಳಿದ್ಮೇಲೇ ಒಳಗೆ ಬಿಡೋದು. ಇದು ನೋಡು, ಯಾರನ್ನೂ ಕೇಳದೆ ಬಾಮ್ಮ ಅಂತದೆ!”