ಎಣ್ಣೆ ಅಕ್ಕ ತಾನೇ ಕೈ ಹಾಕಿದ ಮಗು

ಮಕ್ಕಳ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಎಣ್ಣೆ ಅಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಎಳೆಗೂಸುಗಳಿಗೆ ಮಾಲೀಸು, ಮಧ್ಯಾಹ್ನ ಕಾಲು ಸೆಟೆದುಕೊಂಡ ಮಕ್ಕಳು, ಸಂಜೆ ಬೆನ್ನುನೋವಿನ ಹದಿಹರೆಯದವರು. ಈ ಕೊನೆಯವರು ಏನು ಕೇಳಿದರೂ "ಹ್ಞೂಂ" ಎನ್ನುವುದರ ಆಚೆಗೆ ಬಾಯಿ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ನೀವಿ ನೀವಿ ಅವಳ ಹೆಬ್ಬೆರಳ ಬುಡ ಊದಿಕೊಂಡಿತ್ತು. ಮನೆಯಲ್ಲಿ ದರ್ಜಿ ಗಂಡ, "ಊರ ಮಕ್ಕಳಿಗೆಲ್ಲ ನಿನ್ನ ಕೈ, ನನಗೆ ಬರೀ ಬಾಯಿ" ಎಂದು ರೇಗಿಸುತ್ತಿದ್ದ. ನಗುವುದಕ್ಕೂ ಅವಳಿಗೆ ಸುಸ್ತು.

ಎಳೆಗೂಸುಗಳ ಕೋಣೆಯಲ್ಲಿ ಅವಳದೊಂದು ಪದ್ಧತಿಯಿತ್ತು. ಅವಳು ಬಟ್ಟೆಯ ಗೊಂಬೆಯ ಕಾಲು ನೀವುತ್ತಿದ್ದಳು, ಅದನ್ನು ನೋಡಿಕೊಂಡು ತಾಯಿ ಮಗುವಿನ ಕಾಲು ನೀವಬೇಕು. ಆ ಗೊಂಬೆಯಷ್ಟು ಎಣ್ಣೆ ಕುಡಿದ ಜೀವ ಇಡೀ ಆಸ್ಪತ್ರೆಯಲ್ಲಿ ಇನ್ನೊಂದಿರಲಿಲ್ಲ. ನಾಳೆ ಮನೆಯಲ್ಲಿ ಮಗುವಿನ ಜೊತೆ ಏಗಬೇಕಾದವಳು ತಾಯಿ ತಾನೇ? ಮಗುವಿಗೆ ಎಣ್ಣೆ ಅಕ್ಕನ ಕೈ ರೂಢಿಯಾಗಿ ಏನು ಬಂತು?

ತಿಂಗಳು ತುಂಬುವ ಮೊದಲೇ ಹುಟ್ಟಿದ ಒಂದು ಗಂಡುಮಗು ಆಗಷ್ಟೇ ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂದಿತ್ತು. ಅದರ ತಾಯಿಗೆ ಮುಟ್ಟಲು ಪುಕುಪುಕು. ಕೈ ಹತ್ತಿರ ಹೋಗುತ್ತಿತ್ತು, ಮಗು ಮುಖ ಕಿವಿಚಿದರೆ ಸರಕ್ಕನೆ ಹಿಂದೆ ಬರುತ್ತಿತ್ತು. ಅಂದು ಎಣ್ಣೆ ಅಕ್ಕನ ಹೆಬ್ಬೆರಳು ಸಿಡಿಯುತ್ತಿತ್ತು, ತಾಳ್ಮೆ ತಳ ಕಂಡಿತ್ತು. "ಆಚೆ ಸರೀರಿ" ಎಂದವಳೇ ತಾನೇ ಮಗುವಿನ ಮೇಲೆ ಕೈಯಿಟ್ಟಳು. ಹಾಳಾದ್ದು, ಕ್ಷಣದಲ್ಲಿ ಮಲಗಿಬಿಟ್ಟಿತು.

ತಾಯಿ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಳು. "ನೋಡಿದ್ರಾ ಅಕ್ಕ, ನಿಮ್ಮ ಕೈಯಲ್ಲಿ ಮಲಗ್ತಾನೆ, ನಾನು ಮುಟ್ಟಿದ್ರೆ ಅಳ್ತಾನೆ. ನಾನು ಕೈಲಾಗದವಳು ಅಂತ ಅವನಿಗೂ ಗೊತ್ತಾಗಿದೆ."

ಅಂದಿನಿಂದ ಅವಳು ಹಾಲು ಕುಡಿಸುವಷ್ಟು ಹೊತ್ತು ಬಿಟ್ಟರೆ ಮಗುವನ್ನು ಮುಟ್ಟಲಿಲ್ಲ. ಎಣ್ಣೆ ಅಕ್ಕ ಎಷ್ಟು ಬುದ್ಧಿ ಹೇಳಿದರೂ ತಲೆ ಅಡ್ಡಡ್ಡ. ಇಷ್ಟರಲ್ಲಿ ನರ್ಸು, "ನಾಳೆ ಇವರನ್ನ ಮನೆಗೆ ಕಳಿಸ್ತಾರೆ" ಎಂದಳು. ದಣಿವು ತನ್ನದು, ಅದಕ್ಕೆ ಆ ಕೂಸು ತಾಯಿಯ ಕೈ ಕಳೆದುಕೊಳ್ಳಬೇಕೆ? ಎಣ್ಣೆ ಅಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು.

ಮರುದಿನ ಅವಳು ನಲ್ಲಿಯ ತಣ್ಣೀರಿಗೆ ಕೈಯೊಡ್ಡಿ ನಿಂತಳು. ಮರಗಟ್ಟುವವರೆಗೆ ನಿಂತು, ಕೈ ಒರೆಸಿ, ಬೆಚ್ಚಗೆ ಉಜ್ಜಿಕೊಳ್ಳದೆ ನೇರ ಮಗುವಿನ ಹೊಟ್ಟೆಯ ಮೇಲೆ ಇಟ್ಟಳು. ಪಾಪದ ಕೆಲಸವೇ, ಇಲ್ಲವೆನ್ನುವುದಿಲ್ಲ. ಮಗು ಕಿಟಾರನೆ ಕಿರುಚಿತು.

"ಅಳಲಿ ಬಿಡಿ, ಸುಮ್ಮನಾಗ್ತಾನೆ" ಎಂದು ಎಣ್ಣೆ ಅಕ್ಕ ಕಿಟಕಿಯತ್ತ ಮುಖ ತಿರುಗಿಸಿದಳು. ಕಿವಿ ಮಾತ್ರ ತಾಯಿಯತ್ತಲೇ ಇತ್ತು.

"ಏನಕ್ಕ ಇದು, ನಿಮ್ಮ ಕೈ ಮಂಜುಗಡ್ಡೆ ಆಗಿದೆ. ತೆಗೀರಿ ಮೊದಲು." ತಾಯಿ ಅವಳ ಕೈಯನ್ನು ತಳ್ಳಿ, ತನ್ನೆರಡೂ ಅಂಗೈಗಳಿಂದ ಮಗುವಿನ ಹೊಟ್ಟೆ ಮುಚ್ಚಿದಳು. "ಇಷ್ಟು ವರ್ಷದಿಂದ ಮಾಡ್ತಿದೀರಿ, ಅಷ್ಟೂ ಗೊತ್ತಾಗಲ್ವಾ ನಿಮಗೆ?"

"ತಪ್ಪಾಯ್ತಮ್ಮ" ಎಂದು ಎಣ್ಣೆ ಅಕ್ಕ ಸ್ಟೂಲಿನ ಮೇಲೆ ಕುಸಿದಳು.

ಮಗು ಸುಮ್ಮನಾಗಲಿಲ್ಲ. ಕಾಲು ಝಾಡಿಸಿ, ಮುಖ ಕೆಂಪು ಮಾಡಿಕೊಂಡು ಅಳುತ್ತಲೇ ಇತ್ತು. "ನಾನಿದೀನಿ ಕಣೋ, ನಾನಿದೀನಿ" ಎನ್ನುತ್ತ ತಾಯಿ ಬಗ್ಗಿ ನಿಂತೇ ಇದ್ದಳು. ಅವಳು ಕೈ ತೆಗೆಯಲಿಲ್ಲ.