ಅವಳು ಓದಲು ಕೊಟ್ಟ ರಷ್ಯನ್ ಕಾದಂಬರಿ

ಕೊಚ್ಚಿಯ ಒಂದು ಕೇಂದ್ರ ಸರ್ಕಾರಿ ಕಚೇರಿಗೆ ಹಿಂದಿ ಅನುವಾದಕಿಯಾಗಿ ಸೇರಿದಾಗ ನನಗೆ ಇಪ್ಪತ್ತಾರು ವರ್ಷ. ಧಾರವಾಡ ಬಿಟ್ಟು ಬೇರೆಲ್ಲೂ ಇದ್ದವಳಲ್ಲ. ನಮ್ಮ ವಿಭಾಗದಲ್ಲಿ ಇದ್ದದ್ದು ಇಬ್ಬರೇ ಅನುವಾದಕಿಯರು. ಇನ್ನೊಬ್ಬಳು ಕಾಸರಗೋಡಿನವಳು, ಮನೆಮಾತು ಕನ್ನಡ, ನನಗಿಂತ ಒಂದು ವರ್ಷ ಮೊದಲು ಸೇರಿದವಳು. ವೈಟ್ಟಿಲದ ಹತ್ತಿರದ ಮಹಿಳಾ ಹಾಸ್ಟೆಲಿನಲ್ಲಿ ತನ್ನ ಕೋಣೆಯ ಎರಡನೆಯ ಮಂಚವನ್ನು ನನಗೆ ಕೊಡಿಸಿದವಳೂ ಅವಳೇ.

ಒಂದು ಭಾನುವಾರ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದವಳು ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದಳು. ಕೈಕಾಲು ಸೆಟೆದುಕೊಂಡು ನಡುಗತೊಡಗಿದವು. ನಾನು ಮಂಚದ ಕಾಲಿಗೆ ಬಡಿಯದಂತೆ ಅವಳ ತಲೆಯ ಕೆಳಗೆ ದಿಂಬು ತಳ್ಳಿ, ಮಗ್ಗುಲಿಗೆ ಹೊರಳಿಸಿ, ಪಕ್ಕದಲ್ಲೇ ಕೂತೆ. ಎಚ್ಚರಾದಾಗ ಅವಳು ಮೊದಲು ಆಡಿದ ಮಾತು: "ಯಾರಿಗೂ ಹೇಳ್ಬೇಡ ಮಾರಾಯ್ತಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹನ್ನೆರಡನೆಯ ವಯಸ್ಸಿನಿಂದ ಮೂರ್ಛೆಗೆ ಮಾತ್ರೆ ತಿನ್ನುತ್ತಿದ್ದೇನೆ, ವರ್ಷಕ್ಕೊಮ್ಮೆ ಬಂದರೆ ಹೆಚ್ಚು, ಎಂದಳು. ಆಮೇಲೆ ಒಬ್ಬ ರಷ್ಯನ್ ಲೇಖಕನ ವಿಷಯ ತೆಗೆದಳು. ಅವನಿಗೂ ಇದೇ ಕಾಯಿಲೆ ಇತ್ತಂತೆ. ಗುಂಡಿಕ್ಕಿ ಕೊಲ್ಲಲು ಕರೆದುಕೊಂಡು ಹೋಗಿ ಕೊನೆಯ ಗಳಿಗೆಯಲ್ಲಿ ಬಿಟ್ಟಿದ್ದರಂತೆ, ಸೈಬೀರಿಯಾದ ಸೆರೆಮನೆಯಲ್ಲಿ ನಾಲ್ಕು ವರ್ಷ ಕಳೆದನಂತೆ. ಇಷ್ಟೆಲ್ಲ ಆಗಿಯೂ ಬರೆದ ಎಂದು ತನ್ನ ಮನೆಯ ಹಿರಿಯನ ಬಗ್ಗೆ ಹೇಳುವಂತೆ ಹೆಮ್ಮೆಯಿಂದ ಹೇಳಿದಳು.

ಮರುವರ್ಷ ನಮ್ಮ ತಿರುವನಂತಪುರದ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಯಿತು. ಒಬ್ಬರೇ ಅನುವಾದಕಿ, ಸ್ವತಂತ್ರ ಕೆಲಸ, ಕಳಕ್ಕೂಟಂನಲ್ಲಿ ಕ್ವಾರ್ಟರ್ಸ್. ಅವಳೇ ಹಿರಿಯಳು, ಕೆಲಸದಲ್ಲೂ ಮೇಲು. ಅವಳಿಗೇ ಎಂದು ಎಲ್ಲರೂ ತಿಳಿದಿದ್ದರು. ನಾನು ಅನುವಾದಿಸಿದ್ದನ್ನು ನಮ್ಮ ಅಧಿಕಾರಿ ತಿದ್ದಲು ಅವಳಿಗೆ ಕೊಡುತ್ತಿದ್ದರು. ಅವಳು ಪೆನ್ಸಿಲಿನಲ್ಲಿ, ಬೇಕಾದರೆ ನಾನು ಅಳಿಸಿಬಿಡಲು ಆಗುವಷ್ಟು ತೆಳ್ಳಗೆ ತಿದ್ದುತ್ತಿದ್ದಳು. ಆ ಮೆದುತನ ನನಗೆ ಸಹಿಸಲಾಗುತ್ತಿರಲಿಲ್ಲ. ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

ಒಂದು ಬೆಳಿಗ್ಗೆ ಫೈಲು ಹಿಡಿದುಕೊಂಡು ಅಧಿಕಾರಿಯ ಕೋಣೆಗೆ ಹೋದೆ. ಫೈಲಿನ ಮಾತು ಮುಗಿದ ಮೇಲೆ, ಅವಳಿಗೆ ಮೂರ್ಛೆ ಬರುತ್ತದೆ, ಅಲ್ಲಿ ಒಬ್ಬಳೇ ಇರುವಾಗ ಏನಾದರೂ ಆದರೆ ಎಂದು ನನಗೆ ಭಯ, ಎಂದು ಕಾಳಜಿಯ ದನಿಯಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು, "ಪಾವಂ" ಎಂದರು. ನಾವು ಪಾಪ ಅನ್ನುವುದನ್ನು ಮಲಯಾಳಿಗಳು ಹಾಗೆನ್ನುತ್ತಾರೆ. ಮಧ್ಯಾಹ್ನ ಅವಳನ್ನು ಒಳಗೆ ಕರೆಸಿಕೊಂಡರು. ವಾರದೊಳಗೆ ಆದೇಶ ಬಂತು, ನನ್ನ ಹೆಸರಿಗೆ.

ಕಚೇರಿಯಿಂದ ಸುದ್ದಿ ಹಾಸ್ಟೆಲಿಗೂ ಹೋಯಿತು. ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ, ನಾವೆಲ್ಲ ಅಕ್ಕ ಎನ್ನುವಂತೆ ಚೇಚಿ ಎಂದು ಕರೆಯುತ್ತಿದ್ದ ಹೆಂಗಸು, ಉಳಿದ ಹುಡುಗಿಯರು ಹೆದರುತ್ತಾರೆ, ತಿಂಗಳೊಳಗೆ ಬೇರೆ ಕಡೆ ನೋಡಿಕೋ ಎಂದು ಅವಳಿಗೆ ಹೇಳಿದರು. ನಾನು ಹೊರಡುವುದಕ್ಕೂ ಸರಿಯಾಗಿ ಒಂದು ತಿಂಗಳಿತ್ತು.

ಆ ಸಂಜೆ ಅವಳು ಟ್ರಂಕಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದಳು. ಆ ಲೇಖಕನ ಕಾದಂಬರಿಯ ಕನ್ನಡ ಅನುವಾದ.

"ಓದು. ನಿನಗೆ ಹಿಡಿಸ್ತದೆ," ಎಂದಳು.

ಕಚೇರಿಗೆ ಹೋಗಿಬರುವ ಬಸ್ಸಿನಲ್ಲಿ ಓದತೊಡಗಿದೆ. ಬಡ ವಿದ್ಯಾರ್ಥಿಯೊಬ್ಬ, ತನಗೆ ಆ ಹಕ್ಕಿದೆ ಎಂದು ಲೆಕ್ಕ ಹಾಕಿ, ಮುದುಕಿಯೊಬ್ಬಳನ್ನು ಕೊಡಲಿಯಿಂದ ಕೊಲ್ಲುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅವನಿಗೆ ಜ್ವರ ಬರುತ್ತದೆ, ಬುದ್ಧಿ ಕಲಕುತ್ತದೆ, ಹೇಳಿಬಿಡಬೇಕೆಂದು ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಎಲ್ಲ ತಿಳಿದ ಒಬ್ಬ ತನಿಖಾಧಿಕಾರಿ ಅವನನ್ನು ಹಿಡಿಯದೆ ಹರಟೆ ಹೊಡೆಯುತ್ತ ಕಾಯುತ್ತಾನೆ.

ದಿನಾ ಸಂಜೆ ಅವಳು ಕೇಳುತ್ತಿದ್ದಳು, ಎಲ್ಲಿಗೆ ಬಂದಿ ಎಂದು. ಕೊಂದನಾ? ಜ್ವರ ಬಂತಾ? ಮೂರನೆಯ ಸಂಜೆ ನನಗೆ ಅರ್ಥವಾಯಿತು. ಅವಳಿಗೆ ಎಲ್ಲವೂ ಗೊತ್ತಿತ್ತು. ಮೂರ್ಛೆಯ ವಿಷಯ ತಿಳಿದವಳು ಆ ಊರಿನಲ್ಲಿ ನಾನೊಬ್ಬಳೇ ಅಲ್ಲವೇ? ನಾನಾಗಿ ಹೇಳಲಿ ಎಂದು ಕಾಯುತ್ತಿದ್ದಳು. ಹೇಳಬಾರದೆಂದು ನಾನು ನಿಶ್ಚಯಿಸಿಕೊಂಡೆ. ಒಂದೇ ಪಾತ್ರೆಯ ಕಂಜಿ ಉಣ್ಣುತ್ತ, ನನ್ನ ತಾಯಿ ಕಳಿಸಿದ ಶೇಂಗಾ ಚಟ್ನಿ ಹಂಚಿಕೊಳ್ಳುತ್ತ ಒಂದು ತಿಂಗಳು ಹಾಗೇ ಕಳೆದೆವು.

ಹೊರಡುವ ಹಿಂದಿನ ದಿನ ಪುಸ್ತಕ ಮರಳಿಸಿದೆ. ಹೇಗಾಯಿತು ಎಂದು ಕೇಳಿದಳು.

"ಆ ಹುಡುಗ ಹೇಡಿ ಅದಾನ," ಅಂದೆ. "ಬಾಯಿ ಮುಚ್ಚಿಕೊಂಡು ಇದ್ದಿದ್ರ ಏನೂ ಆಗ್ತಿರಲಿಲ್ಲ."

ಬಟ್ಟೆ ಮಡಚುತ್ತಿದ್ದ ಅವಳ ಕೈ ನಿಂತಿತು. "ಹೌದಾ," ಎಂದಳು, ಅಷ್ಟೇ. ಅಧಿಕಾರಿಗೆ ಹೇಳಿದ್ದಕ್ಕಿಂತ ಈ ಮಾತೇ ನಾನು ಮಾಡಿದ ದೊಡ್ಡ ಕೇಡು ಎಂದು ಈಗ ಅನ್ನಿಸುತ್ತದೆ. ಬೇಕೆಂದೇ ಆಡಿದ್ದೆ. ಅವಳ ಮುಖ ಬಾಡಿದ್ದನ್ನು ನೋಡಿ ಗೆದ್ದಂತೆಯೂ ಅನ್ನಿಸಿತ್ತು.

ಕಳಕ್ಕೂಟಂನಲ್ಲಿ ಜ್ವರಕ್ಕಾಗಿ ಕಾದೆ. ಬರಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದೆ, ಬಾಳೆಹಣ್ಣು ಕರಿದ ಪಳಂಪೊರಿ ತಿಂದು ದಪ್ಪಗಾದೆ, ರಜೆಯ ದಿನ ಸಮುದ್ರದ ದಂಡೆಗೆ ಹೋದೆ. ಆ ಲೇಖಕ ಬಂದೂಕಿನ ಎದುರು ನಿಂತವನು, ತನ್ನಂಥವರ ಕತೆ ಬರೆದಿದ್ದಾನೆ, ನನ್ನಂಥವರ ವಿಷಯ ಅವನಿಗೆ ತಿಳಿಯದು ಎಂದುಕೊಂಡೆ.

ಮೂರು ವರ್ಷಗಳ ಮೇಲೆ ಅವಳು ತಪಾಸಣೆಗೆಂದು ತಿರುವನಂತಪುರದ ಆಸ್ಪತ್ರೆಗೆ ಬಂದವಳು ನನಗೆ ಫೋನು ಮಾಡಿದಳು. ತಂಬಾನೂರಿನ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೂತೆವು. ಸೊರಗಿದ್ದಳು. ಮಾತ್ರೆ ಹೆಚ್ಚಾಗಿ ಮಾತು ನಿಧಾನವಾಗಿತ್ತು. ಮುಂದಿನ ಹಲ್ಲೊಂದು ಮುರಿದಿತ್ತು. ಕಚೇರಿಯಲ್ಲೇ ಒಮ್ಮೆ ಬಿದ್ದಳಂತೆ. ಅಂದಿನಿಂದ ಅನುವಾದ ಕೊಡದೆ, ಬಂದ ಕಾಗದಗಳಿಗೆ ನಂಬರು ಹಾಕುವ ಕೆಲಸಕ್ಕೆ ಕೂರಿಸಿದ್ದರಂತೆ. ಯಾವ ಹಾಸ್ಟೆಲಿನವರೂ ಸೇರಿಸಿಕೊಳ್ಳದೆ ಆಲುವದಲ್ಲಿ ಒಬ್ಬ ವಿಧವೆಯ ಮನೆಯ ಹಿಂಬದಿ ಕೋಣೆಯಲ್ಲಿದ್ದಳು. ಇದನ್ನೆಲ್ಲ ದೂರಿನ ದನಿಯಿಲ್ಲದೆ ಹೇಳಿದಳು.

ಆ ಹಲ್ಲು ನೋಡುತ್ತ ಚಹಾದ ಲೋಟ ಕೆಳಗಿಟ್ಟೆ.

"ನಾ ನಿನಗ ಒಂದು ಮಾತು ಹೇಳಬೇಕಾಗೇದ," ಅಂದೆ. "ಆವತ್ತ ಸರ್ ಹತ್ರ ಹೋಗಿ..."

"ಬೇಡ," ಎಂದಳು. "ಒಂದು ತಿಂಗಳು ಅದೇ ಕೋಣೆಯಲ್ಲಿ ಕಾದೆ. ಆಗ ಹೇಳಿದ್ರೆ ಕೇಳ್ತಿದ್ದೆ. ಈಗ ಹೇಳಿದ್ರೆ ನಿನಗೆ ಹಗುರ ಆಗ್ತದೆ. ಅದು ಆಗುವುದು ನನಗೆ ಬೇಡ."

ಮತ್ತೆ ಬಾಯಿ ತೆರೆದೆ. ಅವಳು ಎರಡೂ ಕಿವಿಗಳ ಮೇಲೆ ಅಂಗೈ ಇಟ್ಟುಕೊಂಡು, ನಾನು ಸುಮ್ಮನಾಗುವವರೆಗೆ ಹಾಗೇ ಕೂತಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಆಮೇಲೆ ಉಳಿದ ಚಹಾ ಕುಡಿದು, ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು ಮುಂದಕ್ಕೆ ನೋಡತೊಡಗಿದಳು.

ಬೇರೆಯವರಿಗೆ ಹೇಳಿದ್ದೇನೆ. ಅವಳ ಒಳ್ಳೆಯದಕ್ಕೇ ಹೇಳಿದಿ ಎಂದರು ತಾಯಿ. ಮದುವೆಯಾದ ಮೇಲೆ ಗಂಡನಿಗೆ ಹೇಳಿದೆ. ಅವರು ಪತ್ರಿಕೆಯಿಂದ ತಲೆಯೆತ್ತದೆ, ಅದರಲ್ಲಿ ತಪ್ಪೇನದ, ಎಂದು ಕೇಳಿದರು.

ತಂಬಾನೂರಿನಲ್ಲಿ ಕಂಡ ಮರುವರ್ಷವೇ ಅವಳು ಕೆಲಸ ಬಿಟ್ಟು ಊರಿಗೆ ಹೋದಳೆಂದು ತಿಳಿಯಿತು. ಕೊಚ್ಚಿಯ ಅಧಿಕಾರಿ ಫೋನು ಮಾಡಿ, ಅವಳ ಕುರ್ಚಿ ಖಾಲಿಯಿದೆ, ವಾಪಸು ಬರುತ್ತೀಯಾ ಎಂದು ಕೇಳಿದರು. ನನಗೆ ಇಲ್ಲಿಯ ಹವೆ ಒಗ್ಗಿದೆ ಸರ್, ಎಂದೆ.