ಬಾಯಮ್ಮ ಹೇಳಿಕೊಟ್ಟ ಬಟಾಟೆ

ಹೋದ ಭಾನುವಾರ ಮೊಮ್ಮಕ್ಕಳಲ್ಲಿ ದೊಡ್ಡವಳು ಫೋನಿನಲ್ಲಿ ನೋಡಿಕೊಂಡು ಅಡುಗೆ ಮಾಡಿದಳು. ಸಣ್ಣ ಸಣ್ಣ ಬಟಾಟೆ ಬೇಯಿಸಿ, ಬೆಣ್ಣೆಯಲ್ಲಿ ಹುರಿದು, ಮೇಲಿನಿಂದ ಸಬ್ಬಸಿಗೆ, ಪುದಿನ, ಪಾರ್ಸ್ಲಿ ಹೆಚ್ಚಿ ಹಾಕಿದಳು. ನಾನು ಒಳಗೆ ಜಪ ಮಾಡುತ್ತಾ ಕುಳಿತಿದ್ದೆ. ಬಿಸಿ ಬಟಾಟೆಗೆ ಹಸಿ ಸೊಪ್ಪು ಬಿದ್ದಾಗ ಏಳುವ ಆ ವಾಸನೆ ಬಾಗಿಲ ಸಂದಿಯಿಂದ ಬಂತು. ಎಷ್ಟು ಮಣಿ ಎಣಿಸಿದ್ದೆನೆಂದು ಮರೆತೇಹೋಯಿತು.

ಊಟಕ್ಕೆ ಕರೆದಾಗ ಹೋಗಿ ಕುಳಿತೆ. ಅನ್ನ ಸಾರಿನ ಜೊತೆ ಅದನ್ನೂ ಬಡಿಸಿದಳು. ನಾನು ಮುಟ್ಟಲಿಲ್ಲ. "ಅಜ್ಜಿ, ಡೋಂಟ್ ಯು ಲೈಕ್ ಇಟ್?" ಎಂದು ಚಿಕ್ಕವನು ಕೇಳಿದ. ಹೊಟ್ಟೆ ಸರಿಯಿಲ್ಲ ಮಗಾ ಎಂದೆ. ಅದು ಸುಳ್ಳು. ನಿಜವನ್ನು ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನರೆದುರು ಮಾತಾಡಬೇಕೆಂದರೆ ಈ ವಯಸ್ಸಿನಲ್ಲೂ ನಾಲಿಗೆ ಒಣಗುತ್ತದೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡವಿದೆ, ಅದರಲ್ಲಿ ಬರೆದಿಡುತ್ತೇನೆ. ಮಕ್ಕಳೇ, ನಿಮಗೆ ಓದಲು ಕಷ್ಟವಾದರೆ ಅಪ್ಪನ ಹತ್ತಿರ ಓದಿಸಿಕೊಳ್ಳಿ. ಅವನಿಗೂ ಇದು ಪೂರ್ತಿ ಗೊತ್ತಿಲ್ಲ. ಇದು ನಡೆದಾಗ ಅವನು ಮೂರನೇ ಕ್ಲಾಸಿನಲ್ಲಿದ್ದ.

ಈಗ ನಾವು ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಂದು ಇಡೀ ಮನೆಯಲ್ಲಿದ್ದೇವೆ. ಆಗ ಹಾಗಲ್ಲ. ದುಬೈಯ ಅಲ್ ಬರ್ಷಾದಲ್ಲಿ ಒಂದು ಹಳೆಯ ವಿಲ್ಲಾದ ಹಿಂಭಾಗ ನಮ್ಮದಾಗಿತ್ತು. ಎರಡು ಕೋಣೆ, ಒಂದು ಹಾಲು, ಒಂದು ಅಡುಗೆಮನೆ. ಬಾಡಿಗೆ ಕಾಗದ ನಿಮ್ಮ ಅಜ್ಜನ ಹೆಸರಿನಲ್ಲಿತ್ತು. ಒಬ್ಬರ ಸಂಬಳದಲ್ಲಿ ಅಷ್ಟು ಬಾಡಿಗೆ ಕೊಡಲಾಗದೆ ಒಂದು ಕೋಣೆಯನ್ನು ಇನ್ನೊಂದು ಸಂಸಾರಕ್ಕೆ ಬಿಟ್ಟಿದ್ದರು. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನರು. ಗಂಡನಿಗೆ ಒಂದು ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ. ಇಬ್ಬರು ಮಕ್ಕಳು. ದೊಡ್ಡ ಹುಡುಗಿ ಓದಿನಲ್ಲಿ ಬಹಳ ಜಾಣೆ, ಅವಳನ್ನು ಮನೆಯಲ್ಲಿ ಬೇಬಿ ಎನ್ನುತ್ತಿದ್ದರು. ಆ ಮಕ್ಕಳ ತಾಯಿಯನ್ನು ನಾನು ಬಾಯಮ್ಮ ಎನ್ನುತ್ತಿದ್ದೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ. ಅವರು ನನಗಿಂತ ಎರಡು ವರ್ಷ ದೊಡ್ಡವರು. ಆದರೂ ನಾನು ದುಬೈಗೆ ಬಂದ ದಿನದಿಂದಲೇ ನನ್ನನ್ನು ಅಕ್ಕ ಎಂದರು.

ಬಂದ ಮೊದಲ ವಾರ ನಾನು ಕೊತ್ತಂಬರಿ ಸೊಪ್ಪೆಂದು ಪಾರ್ಸ್ಲಿಯ ಕಟ್ಟು ತಂದು ಸಾರಿಗೆ ಹಾಕಿದ್ದೆ. ಇಲ್ಲಿಗೆ ಹೊಸದಾಗಿ ಬಂದವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಅದು. ಎಲೆ ನೋಡಲು ಒಂದೇ ಥರ. ಬಾಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗು ಅರಳಿಸಿದರು.

"ಇದೆಂತ ಅಕ್ಕ, ಸಾರಿಗೆ ಹುಲ್ಲು ಹಾಕಿದ್ದಾ?"

ನಾನು ಸೌಟಿನಿಂದ ಆ ಎಲೆಗಳನ್ನು ಎತ್ತಿ ತೆಗೆಯತೊಡಗಿದೆ.

"ಬೇಜಾರು ಮಾಡ್ಬೇಡಿ ಮಾರಾಯ್ರೆ. ನಾನು ಸುರೂವಿಗೆ ಮೀನು ಸಾರಿಗೇ ಹಾಕಿದ್ದೆ. ನಮ್ಮವರು ಒಂದು ತುತ್ತು ತಿಂದು, ಇವತ್ತು ಎಂತಕ್ಕೆ ಆಡಿನ ಊಟ ಅಂತ ಕೇಳಿದ್ರು!"

ನನಗೆ ನಗು ಬಂತು. ಪರವೂರಿಗೆ ಬಂದ ಮೇಲೆ ನಾನು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು ಇರಬೇಕು...

ಆದರೆ ಮಕ್ಕಳೇ, ಇದನ್ನೂ ಬರೆಯಬೇಕು. ಆ ಅಡುಗೆಮನೆಯಲ್ಲಿ ಎರಡು ಒಲೆ ಇದ್ದವು. ಕಟ್ಟೆಯ ನಡುವೆ ನಾನೇ ಒಂದು ಕೆಂಪು ಟೇಪು ಅಂಟಿಸಿದ್ದೆ. ಈಚೆ ನಮ್ಮದು, ಆಚೆ ಅವರದು. ಉಪ್ಪಿನ ಡಬ್ಬಿ ಎರಡು, ಮಣೆ ಎರಡು, ಪಾತ್ರೆ ತೊಳೆಯುವ ನಾರು ಕೂಡ ಎರಡು. ಅವರು ಮೀನು ಮಾಂಸ ಮಾಡುವವರು. ನಾನು ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಯಿಂದ ಬಂದವಳು. ಅವರ ಸೌಟು ನಮ್ಮ ಪಾತ್ರೆಗೆ ತಾಗಿದರೆ ಆ ಅಡುಗೆಯನ್ನು ನಾನು ತಿನ್ನುತ್ತಿರಲಿಲ್ಲ. ಬಾಯಮ್ಮ ಅದಕ್ಕೆ ಒಂದು ದಿನವೂ ಮುಖ ಸಣ್ಣದು ಮಾಡಲಿಲ್ಲ. ಟೇಪಿನ ಆಚೆ ನಿಂತು, "ಪಾಸ್‌ಪೋರ್ಟ್ ತೋರಿಸಿ ಈಚೆ ಬರ್ಲಾ ಅಕ್ಕ?" ಎಂದು ತಮಾಷೆ ಮಾಡುತ್ತಿದ್ದರು.

ಎರಡು ಸಂಸಾರವೂ ತಿನ್ನುತ್ತಿದ್ದ ಅಡುಗೆ ಒಂದೇ ಒಂದು. ಅದು ಈ ಬಟಾಟೆ. ಬಾಯಮ್ಮನ ಗಂಡ ಹೋಟೆಲಿನಲ್ಲಿ ನೋಡಿ ಕಲಿತದ್ದನ್ನು ಬಾಯಮ್ಮ ನಮ್ಮ ಬಾಯಿಗೆ ಹೊಂದಿಸಿದ್ದರು. ಬೆಳ್ಳುಳ್ಳಿ ಬಿಟ್ಟು ಹಸಿಮೆಣಸು ಸೇರಿಸಿದರು, ಕೊನೆಗೆ ಲಿಂಬೆಹುಳಿ. ಶುಕ್ರವಾರ ರಜೆಯ ದಿನ ಅವರು ಟೇಪಿನ ಆಚೆಯಿಂದ ಹೇಳುತ್ತಾ ಹೋಗುವುದು, ನಾನು ನಮ್ಮ ಬಾಣಲೆಯಲ್ಲಿ ಮಾಡುತ್ತಾ ಹೋಗುವುದು. "ಸಿಪ್ಪೆ ತೆಗಿಬೇಡಿ. ಅಂಗೈಯಲ್ಲಿ ಒತ್ತಿ ಒಡೀರಿ, ಚೂರಿ ಬೇಡ. ಸೊಪ್ಪು ಈಗ ಹಾಕ್ಬೇಡಿ, ಬೆಂಕಿ ಆಫ್ ಮಾಡಿ, ಹಾಂ, ಈಗ." ಆದ ಮೇಲೆ ಅವರ ಪಾಲನ್ನು ಅವರ ಬೋಗುಣಿಗೆ ನಾನು ಮೇಲಿನಿಂದ, ತಾಗದ ಹಾಗೆ, ಸುರಿಯುತ್ತಿದ್ದೆ. ಅವರು ಬೋಗುಣಿ ಹಿಡಿದು ನಿಲ್ಲುತ್ತಿದ್ದರು. ಮೂರು ವರ್ಷ ಹಾಗೇ ನಡೆಯಿತು.

ಒಂದು ಮನೆಯಲ್ಲಿ ಒಂದೇ ಸಂಸಾರ ಇರಬೇಕೆಂಬ ಕಾಯ್ದೆ ಬಿಗಿಯಾದದ್ದು ಬೇಬಿ ಹತ್ತನೇ ಕ್ಲಾಸಿನಲ್ಲಿದ್ದಾಗ. ಪರೀಕ್ಷೆ ಮಾರ್ಚಿನಲ್ಲಿ. ಜನವರಿಯಲ್ಲಿ ಅಧಿಕಾರಿಗಳು ಮನೆಮನೆಗೆ ಬಂದು ನೋಡಲು ಶುರು ಮಾಡಿದರು. ಬಾಯಮ್ಮನಿಗೆ ಬೇಕಾಗಿದ್ದದ್ದು ಎರಡು ತಿಂಗಳು ಮಾತ್ರ. ಹುಡುಗಿ ಪರೀಕ್ಷೆ ಬರೆದು ಮುಗಿಸಬೇಕು, ಆಮೇಲೆ ಎಲ್ಲಿಗೆ ಹೋಗೆಂದರೂ ಹೋಗುತ್ತೇವೆ ಎಂದಿದ್ದರು. ಯಾರಾದರೂ ಬಂದರೆ ಅಕ್ಕತಂಗಿಯರು, ಒಂದೇ ಸಂಸಾರ ಎಂದು ಹೇಳುವುದೆಂದು ಮಾತಾಗಿತ್ತು.

"ನಿಮಗೆ ಮಾತಾಡ್ಲಿಕ್ಕೆ ನಾಚಿಕೆ ಅಂತ ನಂಗೆ ಗೊತ್ತುಂಟು ಅಕ್ಕ. ನೀವು ಎಂತದೂ ಹೇಳುದು ಬೇಡ. ಸುಮ್ಮನೆ ನನ್ನ ಹತ್ರ ನಿಂತ್ರೆ ಸಾಕು" ಎಂದರು.

ಅಧಿಕಾರಿಗಳು ಬಂದದ್ದು ಒಂದು ಮಧ್ಯಾಹ್ನ. ಗಂಡಸರು ಕೆಲಸಕ್ಕೆ ಹೋಗಿದ್ದರು. ಪಕ್ಕದ ವಿಲ್ಲಾಕ್ಕೆ ಬಂದಿದ್ದಾರೆಂದು ಗೊತ್ತಾದ ಕೂಡಲೇ ಬಾಯಮ್ಮ ಕೊರಳಿನ ಶಿಲುಬೆಯನ್ನು ಕುಪ್ಪಸದೊಳಗೆ ಹಾಕಿಕೊಂಡರು, ಅಡುಗೆಮನೆಗೆ ಓಡಿ ಉಗುರಿನಿಂದ ಕೆಂಪು ಟೇಪನ್ನು ಕೆರೆದು ಕಿತ್ತರು. ಹಾಲಿನಲ್ಲಿ ಪೇಪರು ಹಾಸಿ ತಟ್ಟೆಗಳನ್ನಿಟ್ಟು ಮೂರು ಮಕ್ಕಳನ್ನೂ ಸಾಲಾಗಿ ಕೂರಿಸಿದರು. ಒಂದೇ ಮನೆಯವರು ಒಟ್ಟಿಗೆ ಊಟಕ್ಕೆ ಕುಳಿತ ಹಾಗೆ ಕಾಣಲೆಂದು. ನಾನು ಆಗಷ್ಟೇ ಮಾಡಿದ್ದ ಬಟಾಟೆಯ ಬಾಣಲೆಯನ್ನು ತಂದು ನಡುವೆ ಇಟ್ಟೆ.

ಇಬ್ಬರು ಒಳಗೆ ಬಂದರು. ಒಬ್ಬರು ಬಿಳಿಯ ಉದ್ದ ಅಂಗಿಯ ಹಿರಿಯರು. ಇನ್ನೊಬ್ಬ ಹಿಂದಿ ಮಾತಾಡುವ ಸಹಾಯಕ. ಆ ಹಿರಿಯರು ಕೆಟ್ಟವರಲ್ಲ. ಮಕ್ಕಳನ್ನು ನೋಡಿ ನಕ್ಕರು. ಕೋಣೆಗಳನ್ನು ಬಾಗಿಲಿನಿಂದಲೇ ನೋಡಿದರು.

"ಸಬ್ ಏಕ್ ಫ್ಯಾಮಿಲಿ?" ಎಂದು ಸಹಾಯಕ ಕೇಳಿದ.

"ಏಕ್ ಫ್ಯಾಮಿಲಿ ಸಾಬ್. ಯೇ ಮೇರಾ ಬೆಹೆನ್" ಎಂದು ಬಾಯಮ್ಮ ನನ್ನ ಭುಜದ ಮೇಲೆ ಕೈಯಿಟ್ಟರು. ನಾನು ತಲೆ ಬಗ್ಗಿಸಿ ನಿಂತಿದ್ದೆ. ಅಷ್ಟೇ ಸಾಕಾಗಿತ್ತು. ಹಿರಿಯರು ಕೈಯಲ್ಲಿದ್ದ ಫೈಲು ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡೆ.

ಬಾಯಮ್ಮನಿಗೆ ಜೀವ ಬಂದ ಹಾಗಾಯಿತು. "ಖಾನಾ ಖಾಯಿಯೇ ಸಾಬ್" ಎಂದು ಉಪಚಾರ ಮಾಡುತ್ತಾ ಅಡುಗೆಮನೆಯಿಂದ ಒಂದು ಸೌಟು ತಂದರು. ಗಡಿಬಿಡಿಯಲ್ಲಿ ತಂದದ್ದು ಅವರ ಮೀನು ಸಾರಿನ ಸೌಟು. ಅದರ ತುದಿಯಲ್ಲಿ ಕೆಂಪು ಸಾರು ಅಂಟಿತ್ತು. ಬಡಿಸಲು ಬಗ್ಗಿ ಆ ಸೌಟನ್ನು ಬಾಣಲೆಗೆ ಇಳಿಸಹೋದರು.

ನಾನು ಬಾಣಲೆಯನ್ನು ಎಳೆದುಕೊಂಡೆ.

ಯೋಚಿಸಿ ಮಾಡಿದ್ದಲ್ಲ... ಕೈ ತಾನಾಗಿ ಹೋಯಿತು. ಚಿಕ್ಕಂದಿನಿಂದ ಕಲಿತ ಕೈ ಅದು. ಕಾದ ಬಾಣಲೆ ಅಂಗೈ ಸುಟ್ಟಿತು, ನಾಲ್ಕು ಬಟಾಟೆ ಪೇಪರಿನ ಮೇಲೆ ಉರುಳಿದವು. ಬಾಯಮ್ಮ ಖಾಲಿ ಸೌಟು ಹಿಡಿದು ಬಗ್ಗಿದಂತೆಯೇ ನಿಂತರು. ನಿಮ್ಮ ಅಪ್ಪ ಏನೂ ತಿಳಿಯದೆ, "ಅಮ್ಮ, ಅದು ಅವರ ಸೌಟು!" ಎಂದ, ಕನ್ನಡದಲ್ಲಿ. ಭಾಷೆ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಹಿಂದಿಯ ಸಹಾಯಕ ನಮ್ಮ ದೇಶದವನೇ. ಅವನಿಗೆ ಎಲ್ಲ ಅರ್ಥವಾಯಿತು. ಹಿರಿಯರ ಕಿವಿಯಲ್ಲಿ ಏನೋ ಹೇಳಿ ನೇರವಾಗಿ ಅಡುಗೆಮನೆಗೆ ಹೋದ. ಎರಡು ಒಲೆ, ಎರಡು ಉಪ್ಪಿನ ಡಬ್ಬಿ ನೋಡಿಕೊಂಡು ಬಂದ. ಹಿರಿಯರು ಬೇಸರದಿಂದ ತಲೆಯಾಡಿಸಿ "ಖಲಾಸ್" ಎಂದು ಮತ್ತೆ ಫೈಲು ತೆರೆದರು.

ಒಂದು ವಾರದೊಳಗೆ ಬಾಯಮ್ಮನ ಸಂಸಾರ ಮನೆ ಬಿಡಬೇಕಾಯಿತು. ಮಕ್ಕಳಿರುವವರಿಗೆ ಕೋಣೆ ಕೊಡಲು ಯಾರಿಗೂ ಧೈರ್ಯವಿರಲಿಲ್ಲ. ಇಡೀ ಮನೆ ಹಿಡಿಯುವ ಶಕ್ತಿ ಅವರಿಗಿರಲಿಲ್ಲ. ಗಂಡ ದುಬೈಯ ದೇರಾದಲ್ಲಿ ಒಂದು ಬೆಡ್ ಸ್ಪೇಸ್, ಎಂದರೆ ಹಲವರು ಮಲಗುವ ಕೋಣೆಯಲ್ಲಿ ಒಂದು ಮಂಚದಷ್ಟು ಜಾಗ, ನೋಡಿಕೊಂಡರು. ತಾಯಿ ಮಕ್ಕಳು ಊರಿಗೆ ಹೊರಟರು. ಬೇಬಿಯ ಪರೀಕ್ಷೆ ತಪ್ಪಿತು.

ಆ ವಾರ ಬಾಯಮ್ಮ ನನಗೆ ಒಂದು ಕಟು ಮಾತೂ ಆಡಲಿಲ್ಲ. ಸುಟ್ಟ ಅಂಗೈಗೆ ಹಚ್ಚಲು ಮುಲಾಮು ಕೂಡ ಕೊಟ್ಟರು, ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಸರಿದರು. ಹೊರಡುವ ದಿನ ಸೂಟ್‌ಕೇಸು ಬಾಗಿಲ ಹೊರಗಿಟ್ಟು ತಿರುಗಿ ನೋಡಿ, "ಬರ್ತೇನೆ ಅಮ್ಮ" ಎಂದರು. ಮೂರು ವರ್ಷ ಅಕ್ಕ ಎಂದವರು. ನಮ್ಮೂರಲ್ಲಿ ನಮ್ಮ ಮನೆಯ ಅಂಗಳಕ್ಕೆ ಬರುತ್ತಿದ್ದ ಅವರ ಕಡೆಯ ಹೆಂಗಸರು ದೂರದಲ್ಲಿ ನಿಂತು ನನ್ನ ಅತ್ತೆಯನ್ನು ಕರೆಯುತ್ತಿದ್ದದ್ದು ಹಾಗೆ. ಬೇಬಿ ನನ್ನ ಮುಖವನ್ನೇ ನೋಡಲಿಲ್ಲ.

ಮರು ವರ್ಷ ಬಾಯಮ್ಮನ ಗಂಡ ತೀರಿಕೊಂಡರು. ಆ ಬೆಡ್ ಸ್ಪೇಸಿನಲ್ಲೇ. ಮೇಲಿನ ಮಂಚದವನು ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ, ರಜೆಯಿರಬೇಕು, ಮಲಗಿದ್ದಾರೆ ಎಂದುಕೊಂಡನಂತೆ. ಸಂಜೆ ಬಂದಾಗಲೂ ಹಾಗೇ ಮಲಗಿದ್ದರಂತೆ. ಹೆಂಡತಿ ಜೊತೆಗಿದ್ದಿದ್ದರೆ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು... ಅಥವಾ ಹಿಂದಿನ ದಿನವೇ. ಎದೆ ಹಿಡಿದುಕೊಳ್ಳುತ್ತದೆ ಎಂದು ಅವರು ನಮ್ಮಲ್ಲಿದ್ದಾಗಲೂ ಹೇಳುತ್ತಿದ್ದರು. ಬಾಯಮ್ಮ ಮಾತ್ರೆ ಕೈಗಿಟ್ಟು, ನುಂಗುವವರೆಗೂ ಎದುರಿಗೇ ನಿಲ್ಲುತ್ತಿದ್ದರು. ಹೆಣ ಊರಿಗೆ ಕಳಿಸುವ ಓಡಾಟಕ್ಕೆ ನಿಮ್ಮ ಅಜ್ಜ ಹೋದರು. ಬಂದು ಸ್ನಾನ ಮಾಡಿ ಊಟ ಮಾಡದೆ ಮಲಗಿದರು.

ಅಧಿಕಾರಿಗಳು ಬಂದ ದಿನ ಏನಾಯಿತೆಂದು ನಿಮ್ಮ ಅಜ್ಜ ಒಮ್ಮೆ ಕೇಳಿದ್ದರು. ಹೆದರಿಕೆಯಿಂದ ಕೈ ನಡುಗಿ ಬಾಣಲೆ ಜಾರಿತು ಎಂದಿದ್ದೆ. ಅವಳ ಸ್ವಭಾವವೇ ಅಂಥದ್ದು, ಪಾಪ, ಎಂದು ಅವರು ನಂಬಿದರು. ಸಾಯುವವರೆಗೂ ನಂಬಿದ್ದರು. ನಾಚಿಕೆ ಸ್ವಭಾವದವಳೆಂದು ಹೇಳಿಸಿಕೊಂಡರೆ ಎಷ್ಟೋ ಸಂಗತಿಗಳಿಂದ ಪಾರಾಗಬಹುದು. ಆದರೆ ನನ್ನ ಕೈ ನಡುಗಿರಲಿಲ್ಲ. ಗಟ್ಟಿಯಾಗಿಯೇ ಎಳೆದಿತ್ತು. ಬಾಯಮ್ಮನಿಗೆ ಒಂದು ಕಾಗದ ಬರೆಯಬೇಕೆಂದು ಆಗ ಎಷ್ಟು ಸಲ ಕುಳಿತೆನೋ. ನಿಮ್ಮ ಅಜ್ಜನ ಹತ್ತಿರ ವಿಳಾಸವಿತ್ತು. ಕೇಳಿದರೆ ಯಾಕೆಂದು ಹೇಳಬೇಕಾಗುತ್ತದೆಂದು ಕೇಳಲಿಲ್ಲ. ಈಗ ಅಜ್ಜನೂ ಇಲ್ಲ.

ಇಷ್ಟನ್ನು ಬರೆದು ಮುಗಿಸಿ ನಿನ್ನೆ ಸಂಜೆ ದೊಡ್ಡವಳಿಗೆ ಸ್ವಲ್ಪ ಹೇಳಿದೆ. ಅವಳು ಕೂಡಲೇ ಫೋನು ತೆಗೆದು ನನ್ನ ಪಕ್ಕ ಕುಳಿತಳು. "ಹುಡುಕೋಣ ಅಜ್ಜಿ, ಈಗ ಎಲ್ಲರೂ ಸಿಗ್ತಾರೆ. ಅವರ ನೇಮ್ ಹೇಳಿ" ಎಂದಳು.

ಗಂಡ ಅವರನ್ನು "ಏ" ಎಂದು ಕರೆಯುತ್ತಿದ್ದರು. ಮಕ್ಕಳು ಮಮ್ಮಿ ಎನ್ನುತ್ತಿದ್ದರು. ನಾನು...

"ಬಾಯಮ್ಮ" ಎಂದೆ.

"ಅದು ನೇಮ್ ಅಲ್ಲ ಅಲ್ವಾ ಅಜ್ಜಿ?"

ಮೂರು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತಿದ್ದೆವು. ಅವರ ಹೆಸರೇನೆಂದು ನಾನು ಕೇಳಿರಲಿಲ್ಲ. ಹುಡುಗಿ ಫೋನು ಆಫ್ ಮಾಡಿ ಮೆಲ್ಲನೆ ಎದ್ದು ಹೋದಳು.